ಅತಿಥಿಗಳಿಗೆ ಊಟ-ತಿಂಡಿಯ ವಿಷಯ ಇಂಗ್ಲಿಷಿನಲ್ಲಿ ಬರೆಯುವಾಗ

ಸಾಗರದ ಹತ್ತಿರ ನಮ್ಮ ತೋಟದ ಮನೆಯಲ್ಲೇ ಹೋಮ್‌ಸ್ಟೇ ನಡೆಸುತ್ತೇವೆ. ಮಳೆಗಾಲದಲ್ಲಿ ಜೋಗ ನೋಡಲು ಬರುವವರಲ್ಲಿ ಕನ್ನಡ ಬಾರದವರೂ ಇರುತ್ತಾರೆ. ಅವರಿಗೆ ವಾಟ್ಸಾಪಿನಲ್ಲಿ ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ. ಅಡುಗೆಗೆ ಕೊಡುವ ಗಮನ ಆ ನಾಲ್ಕು ಸಾಲಿಗೂ ಸಲ್ಲಬೇಕು ಎಂಬುದು ನನ್ನ ಹಟ.

ಕಲಿತದ್ದು ಕಲಿಯುವವರಿಗೆಂದೇ ಇರುವ ಇಂಗ್ಲಿಷ್ ನಿಘಂಟಿನಿಂದ. ಅರ್ಥಕ್ಕಿಂತ ಅದರ ಉದಾಹರಣೆ ವಾಕ್ಯಗಳನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಹೆಚ್ಚು ಹೊತ್ತು ಹಿಡಿದದ್ದು 'ಎ' ಮತ್ತು 'ದಿ'. ಬ್ರೇಕ್‌ಫಾಸ್ಟ್, ಲಂಚ್, ಡಿನ್ನರ್ ಎಂದು ದಿನದ ಊಟವನ್ನು ಸುಮ್ಮನೆ ಹೆಸರಿಸುವಾಗ ಎರಡೂ ಬೇಡ: 'ಬ್ರೇಕ್‌ಫಾಸ್ಟ್ ಈಸ್ ಅಟ್ ಏಟ್'. ಊಟ ಎಂಥದ್ದು ಎಂದು ಬಣ್ಣಿಸಿದರೆ 'ಎ' ಬರುತ್ತದೆ: 'ವಿ ಹ್ಯಾಡ್ ಎ ಲೇಟ್ ಲಂಚ್'. ಇಂಥದ್ದೇ ಊಟ ಎಂದು ಗುರುತು ಹೇಳಿದರೆ 'ದಿ': 'ದಿ ಲಂಚ್ ಯು ಆರ್ಡರ್ಡ್ ಈಸ್ ರೆಡಿ'. ಈಗಲೂ ಕಳಿಸುವ ಮುಂಚೆ ಕೇಳಿಕೊಳ್ಳುತ್ತೇನೆ: ಬರೀ ಹೆಸರೋ, ಬಣ್ಣನೆಯೋ, ಗೊತ್ತಿರುವ ಊಟವೋ? ಮೀಲ್ ಮಾತ್ರ ಬೇರೆ. ಒಂದೇ ಊಟವಾದರೆ ಬರೀ 'ಮೀಲ್' ಸಾಲದು, 'ಎ ಮೀಲ್' ಅನ್ನಬೇಕು, ಗೊತ್ತಿರುವ ಊಟವಾದರೆ 'ದಿ ಮೀಲ್'. ಶಿವಮೊಗ್ಗದ ಹೋಟೆಲ್‌ಗಳ 'ಮೀಲ್ಸ್ ರೆಡಿ' ನಮ್ಮವರಿಗೆ ಸರಿ. ಹೊರದೇಶದವರಿಗೆ ಬರೆಯುವಾಗ ನಾನು ಅದನ್ನು ಬಳಸುವುದಿಲ್ಲ.

'ಫಾರ್ ಲಂಚ್' ಅಂದರೆ ಊಟಕ್ಕೆ ಏನಿದೆ ಎಂಬ ಮಾತು, 'ಅಟ್ ಲಂಚ್' ಅಂದರೆ ಊಟದ ಹೊತ್ತು. ಹಾಗಾಗಿ 'ಫಾರ್ ಬ್ರೇಕ್‌ಫಾಸ್ಟ್ ವಿ ಹ್ಯಾವ್ ಕಡುಬು', ಆದರೆ 'ಲೆಟ್ ಅಸ್ ಪ್ಲಾನ್ ದಿ ಜೋಗ್ ಟ್ರಿಪ್ ಅಟ್ ಲಂಚ್'. 'ಟೇಕ್ ಬ್ರೇಕ್‌ಫಾಸ್ಟ್' ಹಳೆಯ ಕಾಲದ, ಗತ್ತಿನ ಮಾತು. ಇವತ್ತಿನ ಬರಹಕ್ಕೆ 'ಹ್ಯಾವ್' ಸಾಕು. ನಮ್ಮ 'ಊಟ ಆಯ್ತಾ?' ಕೇಳಬೇಕಾದರೆ 'ಹ್ಯಾವ್ ಯು ಹ್ಯಾಡ್ ಲಂಚ್?' ಎಂದು ಬರೆಯುತ್ತೇನೆ.

ಗಂಟೆಯನ್ನಂತೂ ಬಿಡದೆ ಬರೆಯುತ್ತೇನೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಹಲವರಿಗೆ ಡಿನ್ನರ್ ಅಂದರೆ ಮಧ್ಯಾಹ್ನದ ಊಟ, ಟೀ ಅಂದರೆ ಸಂಜೆಯದು. 'ಡಿನ್ನರ್ ಅಟ್ ಏಟ್ ಇನ್ ದಿ ಈವ್ನಿಂಗ್' ಅಂದರೆ ಯಾರೂ ಮಧ್ಯಾಹ್ನ ಕಾದು ಕೂರುವುದಿಲ್ಲ.

ತಿನಿಸಿನ ಹೆಸರು ಮಾತ್ರ ಬದಲಿಸುವುದಿಲ್ಲ. ತಂಬುಳಿ ತಂಬುಳಿಯೇ. ಪಕ್ಕದಲ್ಲಿ ಒಂದೇ ಸಾಲು: 'ಎ ಕೂಲ್ ಬಟರ್‌ಮಿಲ್ಕ್ ಡಿಶ್ ವಿತ್ ಕೋಕೋನಟ್ ಅಂಡ್ ಹರ್ಬ್ಸ್, ಈಟನ್ ವಿತ್ ರೈಸ್'. ಅದನ್ನು ಓದಿದವರು ಊಟಕ್ಕೆ ಕೂತಾಗ ತಂಬುಳಿ ಎಂದೇ ಕೇಳಿ ಬಡಿಸಿಕೊಳ್ಳುತ್ತಾರೆ.