ಢಂ ಅಂದರೆ ಅಲ್ಲಿ ಯಾರು ಬರುತ್ತಾರೆ: ಅಮೆರಿಕಕ್ಕೆ ಹೊರಟ ನಮ್ಮೂರಿನ ಮಕ್ಕಳಿಗೆ

"ಅಕ್ಕ, ಸೂಟ್‌ಕೇಸಿನಲ್ಲಿ ಎರಡು ಪ್ಯಾಕೆಟ್ ನೆಲಚಕ್ರ ಹಾಕಿಕೊಂಡು ಹೋಗಬಹುದಾ? ದೀಪಾವಳಿಗೆ ಅಲ್ಲಿ ಒಬ್ಬನೇ ಇರ್ತೇನಲ್ಲ."

ಉಡುಪಿಯ ನಮ್ಮ ಮನೆ ಜಗಲಿಯಲ್ಲಿ ಕೂತು ಪಕ್ಕದ ಮನೆಯ ಹುಡುಗ ಹೀಗೆ ಕೇಳಿದ. ನಿಟ್ಟೆಯಲ್ಲಿ ಓದು ಮುಗಿಸಿದ್ದಾನೆ. ಮುಂದಿನ ವಾರ ಬಜ್ಪೆಯಿಂದ ವಿಮಾನ. ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನೆಲೆಸಿ ಹದಿನಾಲ್ಕು ವರ್ಷ ಆಯಿತು. ರಜೆಗೆ ಬಂದಾಗಲೆಲ್ಲ ಹೊರಡುವ ಮಕ್ಕಳು ಬಾಡಿಗೆ ಮನೆ, ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್ ಅಂತ ಕೇಳುತ್ತಾರೆ. ಪಟಾಕಿ ಬಗ್ಗೆ ಕೇಳಿದವನು ಇವನೊಬ್ಬನೇ. ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ವಿಮಾನದಲ್ಲಿ ಪಟಾಕಿ ಒಯ್ಯುವಂತಿಲ್ಲ. ಕೈಚೀಲದಲ್ಲೂ ಇಲ್ಲ, ದೊಡ್ಡ ಲಗೇಜಿನಲ್ಲೂ ಇಲ್ಲ. ಆ ಮಾತು ಅಲ್ಲಿಗೇ ಮುಗಿಯಿತು. ನಾನು ಹೇಳಬೇಕಾದ್ದು ಸದ್ದಿನ ವಿಷಯ.

ತುಳುವಿನಲ್ಲಿ ಬೆಡಿ ಅಂದರೆ ಕೋವಿಯೂ ಹೌದು, ಸುಡುಮದ್ದೂ ಹೌದು. ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಬೆಡಿ ನೋಡಲೆಂದೇ ಹೋಗಿ ಬೆಳೆದವರು ನಾವು. ತೋಟಕ್ಕೆ ಮಂಗ ಬಂದರೆ ಗರ್ನಾಲು, ಅಂದರೆ ದೊಡ್ಡ ಸದ್ದಿನ ಪಟಾಕಿ, ಹೊಡೆಯುತ್ತೇವೆ. ಢಂ ಅಂದರೆ ನಮ್ಮ ಎದೆ ಹಾರುವುದಿಲ್ಲ. ಅಮೆರಿಕದಲ್ಲಿ ಅದೇ ಸದ್ದು ಕೇಳಿದರೆ ಜನಕ್ಕೆ ಮೊದಲು ಬರುವ ಯೋಚನೆ ಗುಂಡಿನದ್ದು. ಹಲವು ಊರುಗಳಲ್ಲಿ ಈಗ ಪೊಲೀಸರಿಗಾಗಿ ಯಂತ್ರಗಳೇ ಹಗಲು ರಾತ್ರಿ ಕಿವಿಗೊಟ್ಟು ಕೂತಿವೆ.

ಇವುಗಳಲ್ಲಿ ಹೆಚ್ಚು ಹೆಸರಾದದ್ದು ಶಾಟ್‌ಸ್ಪಾಟರ್. 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಶುರುವಾದ ಕಂಪನಿ. 2023ರಲ್ಲಿ ಸೌಂಡ್‌ಥಿಂಕಿಂಗ್ ಅಂತ ಹೆಸರು ಬದಲಿಸಿಕೊಂಡಿತು. ಕೆಲಸ ಮಾಡುವ ರೀತಿ ಸುಲಭ. ರಥಬೀದಿಯಲ್ಲಿ ಒಂದು ಗರ್ನಾಲು ಹೊಡೆದರು ಅಂತ ಇಟ್ಟುಕೊಳ್ಳಿ. ಕಲ್ಸಂಕದಲ್ಲಿ ನಿಂತವನಿಗೆ, ಸಿಟಿ ಬಸ್ ಸ್ಟ್ಯಾಂಡಿನಲ್ಲಿ ನಿಂತವನಿಗೆ, ಅಂಬಲಪಾಡಿಯಲ್ಲಿ ನಿಂತವನಿಗೆ ಅದು ಒಂದೇ ಗಳಿಗೆಯಲ್ಲಿ ಕೇಳಿಸುವುದಿಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ದೂರ ಇದ್ದವನಿಗೆ ತಡವಾಗಿ ಮುಟ್ಟುತ್ತದೆ. ಮೂವರೂ ಕೇಳಿದ ಹೊತ್ತನ್ನು ಸರಿಯಾಗಿ ಬರೆದುಕೊಂಡರೆ ಸದ್ದು ಎಲ್ಲಿಂದ ಬಂತು ಅಂತ ಲೆಕ್ಕ ಹಾಕಬಹುದು. ಅಲ್ಲಿ ಆ ಮೂವರ ಜಾಗದಲ್ಲಿ ಕಟ್ಟಡದ ಮೇಲೆ, ದೀಪದ ಕಂಬದ ಮೇಲೆ ಕೂರಿಸಿದ ಮೈಕುಗಳಿವೆ. ಸದ್ದು ಗುಂಡಿನದ್ದೋ ಪಟಾಕಿಯದ್ದೋ ಅಂತ ಮೊದಲು ಕಂಪ್ಯೂಟರ್ ವಿಂಗಡಿಸುತ್ತದೆ. ಆಮೇಲೆ ಕಂಪನಿಯ ಒಬ್ಬ ಮನುಷ್ಯ ಕೇಳಿ ನೋಡುತ್ತಾನೆ. ಗುಂಡು ಅನ್ನಿಸಿದರೆ ಒಂದು ನಿಮಿಷದ ಒಳಗೆ ಪೊಲೀಸರಿಗೆ ಸುದ್ದಿ ಹೋಗಬೇಕು ಅನ್ನುವುದು ಅವರ ಗುರಿ. ನಮ್ಮ ಮನೆಗೆ ಹತ್ತಿರದ ಓಕ್ಲೆಂಡ್‌ನಲ್ಲಿ ಇದು 2006ರಿಂದ ಇದೆ.

ಇದರಿಂದ ಉಪಕಾರ ಇಲ್ಲ ಅಂತ ನಾನು ಹೇಳುವುದಿಲ್ಲ. ಯಾರೂ ಫೋನ್ ಮಾಡದ ಬೀದಿಯಲ್ಲಿ ಗುಂಡು ತಗುಲಿ ಬಿದ್ದವನ ಬಳಿಗೆ ಬೇಗ ಸಹಾಯ ತಲುಪಿದರೆ ಅದು ದೊಡ್ಡದೇ. ಆದರೆ ಯಂತ್ರವನ್ನು ಪೂರ್ತಿ ನಂಬುವ ಹಾಗಿಲ್ಲ. ಷಿಕಾಗೊ ನಗರದ ತನಿಖಾಧಿಕಾರಿ ಕಚೇರಿ 2020ರ ಜನವರಿಯಿಂದ 2021ರ ಮೇವರೆಗಿನ 50 ಸಾವಿರಕ್ಕೂ ಹೆಚ್ಚು ಎಚ್ಚರಿಕೆಗಳನ್ನು ಪರಿಶೀಲಿಸಿತು. ನೂರರಲ್ಲಿ ಸುಮಾರು 9 ಕಡೆ ಮಾತ್ರ ಬಂದೂಕಿನ ಅಪರಾಧಕ್ಕೆ ಸಾಕ್ಷ್ಯ ಸಿಕ್ಕಿತ್ತು. 2024ರ ಸೆಪ್ಟೆಂಬರಿನಲ್ಲಿ ಷಿಕಾಗೊ ಈ ವ್ಯವಸ್ಥೆಯನ್ನೇ ನಿಲ್ಲಿಸಿತು. ಬೇರೆ ಹಲವು ಊರುಗಳು ಇಟ್ಟುಕೊಂಡಿವೆ.

ಅದೇ ವರ್ಷ ಜನವರಿಯಲ್ಲಿ, ಅದೇ ಷಿಕಾಗೊದಲ್ಲಿ, ಶಾಟ್‌ಸ್ಪಾಟರ್ ಸುದ್ದಿ ಬಂತು ಅಂತ ಹೋದ ಪೊಲೀಸರ ಎದುರೇ ಪಟಾಕಿ ಸಿಡಿಯಿತು. ಹಚ್ಚಿದವನು ಒಬ್ಬ ಹುಡುಗ. ಕೈಯಲ್ಲಿ ಆಯುಧ ಇರಲಿಲ್ಲ. ಪೊಲೀಸರು ಅವನತ್ತ ಗುಂಡು ಹಾರಿಸಿದರು. ಪುಣ್ಯ, ತಗುಲಲಿಲ್ಲ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನನ್ನ ಮೊದಲ ದೀಪಾವಳಿ ನೆನಪಾಯಿತು. ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ ತಂದು ಯಾರೋ ಉಳಿಸಿಟ್ಟ ಒಂದು ಮಾಲೆ ಪಟಾಕಿಯನ್ನು ನಾವು ನಾಲ್ವರು ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಹಚ್ಚಿದ್ದೆವು. ಐದು ನಿಮಿಷದಲ್ಲಿ ಎರಡು ಪೊಲೀಸ್ ಕಾರು. ಗೆಳತಿ ಗುರುತಿನ ಚೀಟಿ ತೆಗೆಯಲು ಬ್ಯಾಗಿಗೆ ಕೈ ಹಾಕಿದಳು. "ಕೈ ಹೊರಗೆ ತೆಗಿ!" ಅಂತ ಒಂದು ಕೂಗು ಬಂತು ನೋಡಿ, ಈಗಲೂ ಕಿವಿಯಲ್ಲಿದೆ. ಅವಳು ಒಳ್ಳೆಯ ಉದ್ದೇಶದಿಂದಲೇ ಕೈ ಹಾಕಿದ್ದಳು. ಅದು ಅವರಿಗೆ ಹೇಗೆ ಗೊತ್ತಾಗಬೇಕು? ಪಟಾಕಿ ಹುಡುಕಿಕೊಂಡು ಬಂದವರಲ್ಲ ಅವರು. ಬಂದೂಕು ಇದೆ ಅಂತ ತಿಳಿದು ಬಂದವರು.

ಹಾಗಾಗಿ ಎಂದಾದರೂ ಅಂಥ ಹೊತ್ತು ಬಂದರೆ ಓಡಬೇಡಿ ಮಾರಾಯ್ರೆ. ಎರಡೂ ಕೈ ಕಾಣುವ ಹಾಗೆ ಇಟ್ಟು ನಿಲ್ಲಿ. ಜೇಬಿಗೆ, ಬ್ಯಾಗಿಗೆ ಕೈ ಹಾಕುವ ಮೊದಲು ಹೇಳಿ, ಅವರು ಸರಿ ಅಂದ ಮೇಲೆ ತೆಗೆಯಿರಿ. ಸುಳ್ಳು ಬೇಡ.

ಕಾನೂನು ರಾಜ್ಯಕ್ಕೊಂದು, ಊರಿಗೊಂದು. ಕ್ಯಾಲಿಫೋರ್ನಿಯಾದಲ್ಲಿ ಮೇಲೆ ಹಾರುವುದು, ಸಿಡಿಯುವುದು ಯಾವುದನ್ನೂ ಮನೆಯವರು ಹಚ್ಚುವಂತಿಲ್ಲ. ರಾಕೆಟ್ ಇಲ್ಲ, ಮಾಲೆ ಪಟಾಕಿ ಇಲ್ಲ. ಅಗ್ನಿಶಾಮಕ ಇಲಾಖೆಯ ಮುದ್ರೆ ಇರುವ ಸಣ್ಣಪುಟ್ಟದ್ದು ಮಾತ್ರ ಸಿಗುತ್ತದೆ. ಅದೂ ಜೂನ್ 28ರಿಂದ ಜುಲೈ 6ರವರೆಗೆ, ಒಪ್ಪಿಗೆ ಕೊಟ್ಟ ಊರುಗಳಲ್ಲಿ. ನಮ್ಮ ಪಕ್ಕದ ನ್ಯೂಅರ್ಕ್‌ನಲ್ಲಿ ಅಂಗಡಿ ಇಟ್ಟು ಮಾರುತ್ತಾರೆ. ಕೊಂಡು ಗಡಿ ದಾಟಿ ಫ್ರೀಮಾಂಟಿಗೆ ತಂದು ಹಚ್ಚಿದರೆ ತಪ್ಪು. ಹೊಸಬರು ಎಡವುವುದು ಇಲ್ಲೇ: ಅಂಗಡಿಯಲ್ಲಿ ಮಾರುತ್ತಾರಲ್ಲ, ಮತ್ತೇನು ಅಂತ. ರಾಜ್ಯದ ಕಾನೂನಿನಲ್ಲಿ ಅಕ್ರಮ ಪಟಾಕಿಗೆ ದಂಡ 50 ಸಾವಿರ ಡಾಲರ್ ತನಕ ಹೋಗಬಹುದು, ಒಂದು ವರ್ಷದ ಜೈಲೂ ಆಗಬಹುದು. ದಂಡ ಹೇಗೋ ಕಟ್ಟಬಹುದು. ಆದರೆ ವೀಸಾ ಅರ್ಜಿಯಲ್ಲಿ, ಎಂದಾದರೂ ಬಂಧನ ಆಗಿತ್ತಾ ಅಂತ ಕೇಳುವ ಸಾಲು ಇದೆ. ಆ ಸಾಲಿಗಾಗಿ ಹೆದರಿ.

ಸ್ಯಾಕ್ರಮೆಂಟೊದಂಥ ಊರುಗಳಲ್ಲಿ ಜುಲೈ 4ರ ರಾತ್ರಿ ಡ್ರೋನ್ ಹಾರಿಸಿ ಯಾವ ಮನೆ ಅಂಗಳದಿಂದ ರಾಕೆಟ್ ಹಾರಿತು ಅಂತ ಚಿತ್ರ ಹಿಡಿಯುತ್ತಾರೆ. ದಂಡದ ಚೀಟಿ ಆಮೇಲೆ ಬರುತ್ತದೆ. ಹಚ್ಚಿದ್ದು ನೆಂಟರ ಮಗ ಅಂದರೂ ಮನೆಯವರನ್ನೇ ಹಿಡಿಯುವ ಊರುಗಳಿವೆ. ಬೇಸಿಗೆಯಲ್ಲಿ ಅಲ್ಲಿನ ಗುಡ್ಡವೆಲ್ಲ ಒಣಹುಲ್ಲು. ಒಂದು ಕಿಡಿ ಸಾಕು. ಈ ಕಟ್ಟುನಿಟ್ಟು ಸರಿ ಅಂತಲೇ ನನ್ನ ಅಭಿಪ್ರಾಯ. ಇಲ್ಲಿಯ ಮಳೆ ನೋಡಿದವರಿಗೆ ಅದು ತಟ್ಟನೆ ಅರ್ಥ ಆಗುವುದಿಲ್ಲ, ಅಷ್ಟೇ.

ನಿಮಗೇ ಸದ್ದು ಕೇಳಿಸಿದರೆ? ಪಟಾಕಿ ಅಂತ ಖಾತ್ರಿ ಇದ್ದರೆ ಪೊಲೀಸರ ಮಾಮೂಲಿ ನಂಬರಿಗೆ ಹೇಳಿ. ಗುಂಡು ಅನ್ನಿಸಿದರೆ ಬಾಲ್ಕನಿಗೆ ಬಂದು ನೋಡಬೇಡಿ. ಕಿಟಕಿಯಿಂದ ದೂರ ಹೋಗಿ ಕೆಳಗೆ ಕೂತು 911ಕ್ಕೆ ಫೋನ್ ಮಾಡಿ. ಮೊದಲು ಬೀದಿಯ ಹೆಸರು, ಆಮೇಲೆ ಉಳಿದದ್ದು. ಮೈಕು ಇದೆಯಲ್ಲ ಅಂತ ಸುಮ್ನೆ ಇರಬೇಡಿ. ಎಲ್ಲ ಬೀದಿಯಲ್ಲೂ ಮೈಕು ಇಲ್ಲ.

"ಹಾಗಾದ್ರೆ ದೀಪಾವಳಿಗೆ ಏನು ಮಾಡುವುದು ಅಕ್ಕ?" ಹುಡುಗನ ಮುಖ ಸಣ್ಣದಾಗಿತ್ತು. ಕ್ಯಾಲಿಫೋರ್ನಿಯಾ 2025ರಲ್ಲಿ ದೀಪಾವಳಿಯನ್ನು ರಾಜ್ಯದ ರಜೆಯ ಪಟ್ಟಿಗೆ ಸೇರಿಸಿದೆ ಅಂದೆ. ಪಟಾಕಿಗೆ ಅದರಿಂದ ಬಿಡುಗಡೆ ಸಿಕ್ಕಿಲ್ಲ ಅಂತಲೂ ಅಂದೆ. ಕನ್ನಡ ಕೂಟದವರನ್ನು ಕೇಳು, ಒಬ್ಬನೇ ಇರುವ ಪ್ರಸಂಗ ಬರುವುದಿಲ್ಲ. ದೀಪಾವಳಿಗೆ ಬಲೀಂದ್ರನನ್ನು, ಅಂದರೆ ಬಲಿ ಚಕ್ರವರ್ತಿಯನ್ನು, ಕೂ ಅಂತ ಕರೆಯಲು ಯಾರ ಪರವಾನಗಿಯೂ ಬೇಡ. ಹಣತೆ ಹಚ್ಚಬಹುದಾ ಅಂತ ಮಾತ್ರ ಬಾಡಿಗೆ ಕರಾರು ಓದಿ ನೋಡು.

ಅವನ ಅಮ್ಮ ಒಳಗಿನಿಂದ ಕೇಳಿಸಿಕೊಂಡಿರಬೇಕು. ಸಂಜೆ ಹೋಗಿ ನೋಡಿದರೆ ಆರು ಹಣತೆಗಳನ್ನು ಅವನ ಪಂಚೆಯಲ್ಲಿ ಒಂದೊಂದಾಗಿ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟಿದ್ದರು.