ಗೇರ್‌ಬಾಕ್ಸ್ ಇಳಿಸುವ ಮೊದಲು ಅರ್ಧ ಗಂಟೆ

ಹಳೆಯ ಪಿಕಪ್ ಗಾಡಿಯಲ್ಲಿ ಗೇರ್ ಸರಿಯಾಗಿ ಬೀಳದಿದ್ದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು 'ಗೇರ್‌ಬಾಕ್ಸ್ ಇಳಿಸಬೇಕು' ಎಂಬುದು. ನಮ್ಮ ಮನೆಯ ಗಾಡಿಗೂ ಹಾಗೇ ಆಯಿತು. ಕ್ಲಚ್ ಪ್ಲೇಟ್, ಬೇರಿಂಗ್ ಎಲ್ಲ ಹೊಸದು ಹಾಕಿಸಿ, ಎರಡು ದಿನದ ಬಾಡಿಗೆ ಕಳೆದುಕೊಂಡು ತಂದರೆ ರಿವರ್ಸ್ ಹಾಕುವಾಗ ಅದೇ ಕರ್ರ್ ಸದ್ದು. ಕೊನೆಗೊಂದು ದಿನ ಪೆಡಲ್ ಕೆಳಗಿನ ಮ್ಯಾಟ್ ಎತ್ತಿದಾಗ ಬೆರಳಿಗೆ ಎಣ್ಣೆಯ ಪಸೆ ಹತ್ತಿತು. ಪೆಡಲ್ ಒತ್ತಿದಾಗ ಆಯಿಲನ್ನು ಲೈನಿಗೆ ತಳ್ಳುವ ಕ್ಲಚ್ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೀಲ್ ಹೋಗಿತ್ತು. ಗೇರ್‌ಬಾಕ್ಸ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಆದ್ದರಿಂದ ದುಡ್ಡು ಕೊಡುವ ಮೊದಲು ನೀವೇ ಪರೀಕ್ಷಿಸಿ. ಲೋಡ್ ಇಳಿಸಿ, ಸಮತಟ್ಟಾದ ಬಯಲಲ್ಲಿ ಗಾಡಿ ನಿಲ್ಲಿಸಿ.

ಮೊದಲು ಎಂಜಿನ್ ಆಫ್ ಮಾಡಿ ಒಂದೊಂದೇ ಗೇರ್ ಹಾಕಿ ನೋಡಿ. ಯಾವುದಾದರೂ ಬೀಳದಿದ್ದರೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಒಂದು ಗೇಣು ತಳ್ಳಿ ಮತ್ತೆ ಹಾಕಿ. ನಿಂತ ಗಾಡಿಯಲ್ಲಿ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುವುದೂ ಉಂಟು. ಈಗ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ ಅದನ್ನೇ ಮತ್ತೆ ಮಾಡಿ. ಆಫ್ ಇದ್ದಾಗ ಬೆಣ್ಣೆಯಂತೆ ಬಿದ್ದ ಗೇರ್‌ಗಳು ಈಗ ಬಿಗಿಯಾದರೆ ಪೆಡಲ್ ಒತ್ತಿದರೂ ಕ್ಲಚ್ ಎಂಜಿನ್ನಿನಿಂದ ಗೇರ್‌ಬಾಕ್ಸನ್ನು ಪೂರ್ತಿ ಬೇರ್ಪಡಿಸುತ್ತಿಲ್ಲ ಎಂದರ್ಥ. ಎರಡೂ ಸಲ ಬಿಗಿ ಇದ್ದರೆ ಲಿವರ್, ಲಿಂಕೇಜ್ ಅಥವಾ ಗೇರ್‌ಬಾಕ್ಸಿನ ಒಳಗೆ ಹುಡುಕಬೇಕು. ಇಡೀ ತಪಾಸಣೆಯಲ್ಲಿ ನಾನು ಅತಿ ಹೆಚ್ಚು ನಂಬುವುದು ಇದನ್ನೇ.

ಅನುಮಾನ ಉಳಿದರೆ ರಿವರ್ಸ್ ಗೇರಿನ ಸದ್ದು ಕೇಳಿ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಕ್ಲಚ್ ಪೂರ್ತಿ ಒತ್ತಿ, ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಮೆಲ್ಲಗೆ ರಿವರ್ಸ್ ಹಾಕಿ. ಅನೇಕ ಹಳೆಯ ಗಾಡಿಗಳಲ್ಲಿ ರಿವರ್ಸ್‌ಗೆ ಸಿಂಕ್ರೋ (ವೇಗ ಹೊಂದಿಸಿ ಗೇರನ್ನು ಸದ್ದಿಲ್ಲದೆ ಬೀಳಿಸುವ ರಿಂಗ್) ಇರುವುದಿಲ್ಲ. ಕ್ಲಚ್ ಪ್ಲೇಟ್ ತಿರುಗುವುದು ನಿಲ್ಲಲು ಒಂದೆರಡು ಕ್ಷಣ ಬೇಕು, ಹಾಗಾಗಿ ಅವಸರದಲ್ಲಿ ಹಾಕಿದಾಗ ಬಂದ ಸದ್ದು ರೋಗವಲ್ಲ. ಐದು ಎಣಿಸಿದ ಮೇಲೂ ಕರ್ರ್ ಎಂದರೆ ಪ್ಲೇಟ್ ಇನ್ನೂ ಎಂಜಿನ್ನಿನ ಜತೆ ತಿರುಗುವ ಫ್ಲೈವೀಲಿಗೆ ತಾಗಿ ತಿರುಗುತ್ತಲೇ ಇದೆ.

ಆಗ ಪೆಡಲಿನಿಂದ ಕೆಳಕ್ಕೆ ನೋಡುತ್ತ ಹೋಗಿ. ಕೇಬಲ್ ಇರುವ ಗಾಡಿಯಾದರೆ ಎಳೆ ಬಿಚ್ಚಿದೆಯೇ, ಸಡಿಲವಾಗಿದೆಯೇ ನೋಡಿ ಅಡ್ಜಸ್ಟ್ ಮಾಡಿಸಿ. ಆಯಿಲ್ ಕ್ಲಚ್ ಆದರೆ ಪೆಡಲನ್ನು ನಾಲ್ಕೈದು ಸಲ ಬೇಗ ಬೇಗ ಪಂಪ್ ಮಾಡಿ. ಪಂಪ್ ಮಾಡಿದ ಮೇಲೆ ಗೇರ್ ಸಲೀಸಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಸೀಲ್ ಸೋತಿದೆ. ಮ್ಯಾಟ್ ಎತ್ತಿ ಪೆಡಲ್ ಮೇಲಿನ ರಾಡ್ ಸುತ್ತ ಬೆರಳಾಡಿಸಿ. ಪಸೆ ಇದ್ದರೆ ಮಾಸ್ಟರ್ ಸಿಲಿಂಡರ್. ಗಾಡಿಯಡಿ ಬಗ್ಗಿ, ಗೇರ್‌ಬಾಕ್ಸ್ ಪಕ್ಕದಲ್ಲಿ ಆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟನ್ನು ಸ್ವಲ್ಪ ಸರಿಸಿ ನೋಡಿ. ಅಲ್ಲಿಂದ ಆಯಿಲ್ ಜಿನುಗಿದರೆ ಸ್ಲೇವ್. ಹೊಸ ಸೀಲುಗಳ ಕಿಟ್ ಹಾಕಿಸಿ ಲೈನಿನ ಗಾಳಿ ತೆಗೆಸಿದರೆ ಸಾಕಾಗುವುದೇ ಹೆಚ್ಚು. ಕ್ಲಚ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಹೇಳಿದ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ಮಾತ್ರ ಹಾಕಿ. ಕೈಗೆ ಸಿಕ್ಕಿತೆಂದು ಎಂಜಿನ್ ಆಯಿಲ್ ಸುರಿದರೆ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಕಪ್ಪಾಗಿದ್ದರೆ ಪೂರ್ತಿ ಬದಲಿಸಿ.

ಕ್ಲಚ್ ಸ್ಲಿಪ್ ಆಗುವುದು ಬೇರೆಯೇ ರೋಗ. ಏರಿನಲ್ಲಿ ಲೋಡ್ ಇದ್ದಾಗ ಎಂಜಿನ್ ಕೂಗುತ್ತದೆ, ಗಾಡಿ ಏಳುವುದಿಲ್ಲ, ಸುಟ್ಟ ವಾಸನೆ. ಖಚಿತಪಡಿಸಿಕೊಳ್ಳಲು ಹ್ಯಾಂಡ್‌ಬ್ರೇಕ್ ಮತ್ತು ಕಲ್ಲು ಭದ್ರ ಮಾಡಿ, ಗಾಡಿಯೆದುರು ಯಾರೂ ಇಲ್ಲದಂತೆ ನೋಡಿಕೊಂಡು, ನಾಲ್ಕನೇ ಗೇರ್ ಹಾಕಿ, ಸ್ವಲ್ಪ ಎಕ್ಸಲರೇಟರ್ ಕೊಟ್ಟು ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆಗಬೇಕು. ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಇದನ್ನು ಒಂದೇ ಸಲ ಮಾಡಿ, ಮತ್ತೆ ಮತ್ತೆ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ. ಆದರೆ ಪೆಡಲಿಗೆ ಫ್ರೀ ಪ್ಲೇ (ಬಿಗಿ ಸಿಗುವ ಮೊದಲಿನ ಸಡಿಲ) ಇದೆಯೇ ಎಂದು ಕೈಯಲ್ಲಿ ಒತ್ತಿ ನೋಡದೆ ಪ್ಲೇಟ್ ಬದಲಿಸಲು ಒಪ್ಪಬೇಡಿ. ಅಡ್ಜಸ್ಟ್‌ಮೆಂಟ್ ಬಿಗಿಯಾಗಿದ್ದರೂ, ಚಾಲಕ ಪೆಡಲ್ ಮೇಲೆ ಕಾಲಿಟ್ಟೇ ಓಡಿಸುತ್ತಿದ್ದರೂ ಪ್ಲೇಟ್ ಜಾರುತ್ತದೆ.

ಸದ್ದನ್ನೂ ಆಲಿಸಿ. ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿದಾಗ ಕೀರಲು ಸದ್ದು ಬಂದು, ಬಿಟ್ಟಾಗ ನಿಂತರೆ ಸಾಮಾನ್ಯವಾಗಿ ಅದು ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಬಿಟ್ಟಾಗ ಗೊರಗೊರ ಎಂದು, ಒತ್ತಿದಾಗ ನಿಂತರೆ ಕ್ಲಚ್‌ನಿಂದ ಬಲ ಪಡೆಯುವ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ.

ಓಡುವಾಗ ಒಂದೇ ಗೇರ್, ಉದಾಹರಣೆಗೆ ಎರಡನೆಯದು ಮಾತ್ರ ಉಜ್ಜಿದರೆ ಆ ಗೇರಿನ ಸಿಂಕ್ರೋ ರಿಂಗ್ ಸವೆದಿರಬಹುದು. ಎಲ್ಲವೂ ಉಜ್ಜಿದರೆ ಮತ್ತೆ ಕ್ಲಚ್ ಕಡೆಗೇ ಬನ್ನಿ. ಗೇರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬಂದರೆ ಮೊದಲು ಎಂಜಿನ್ ಮೌಂಟಿಂಗ್ ರಬ್ಬರ್, ಲಿವರ್ ಬುಷ್ ನೋಡಿ. ಗೇರ್ ಆಯಿಲ್ ಮಟ್ಟ ಮತ್ತು ದರ್ಜೆಯನ್ನೂ ಮರೆಯಬೇಡಿ. ಕೈಪಿಡಿಯಲ್ಲಿ ಜಿಎಲ್-4 ಎಂದಿದ್ದರೆ ಜಿಎಲ್-5 ಹಾಕಿಸಬೇಡಿ, ಹಿತ್ತಾಳೆಯ ಸಿಂಕ್ರೋ ರಿಂಗುಗಳಿಗೆ ಅದು ಹೊಂದದೆ ಹೋಗಬಹುದು.

ಇಷ್ಟೆಲ್ಲ ನೋಡಿದ ಮೇಲೂ ಗೇರ್‌ಬಾಕ್ಸ್ ಇಳಿಸಲೇಬೇಕಾದರೆ ಪ್ಲೇಟ್, ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸಿ. ಮತ್ತೊಮ್ಮೆ ಇಳಿಸುವ ಕೂಲಿ ಉಳಿಯುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಹಳೆಯ ಪ್ಲೇಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ಹಳೆಯ ಪ್ಲೇಟನ್ನು ಕೇಳಿ ಪಡೆದು ಬೆಳಕಿಗೆ ಹಿಡಿಯಿರಿ. ಒಣಗಿದ್ದು ರಿವೆಟ್ ಮಟ್ಟಕ್ಕೆ ಸವೆದಿದ್ದರೆ ಅದರ ಆಯುಸ್ಸು ಮುಗಿದಿದೆ. ಎಣ್ಣೆ ಹತ್ತಿ ಮಿರಿಮಿರಿ ಎನ್ನುತ್ತಿದ್ದರೆ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸಿನ ಮುಂದಿನ ಸೀಲ್ ಸೋರುತ್ತಿದೆ. ಅದನ್ನು ಸರಿಪಡಿಸಿದ ಮೇಲಷ್ಟೇ ಹೊಸ ಪ್ಲೇಟ್ ಕೂರಿಸಲು ಬಿಡಿ.