ಸೊರಗಿದ ಹೂಮರಿಗೆ ಮೊದಲು ಕಾವು, ಆಮೇಲೆ ಕಾಳು

ಕಾವಿಗೆ ಕೂತ ಹೇಂಟೆ 21ನೇ ದಿನದ ಹೊತ್ತಿಗೆ ಮರಿ ಮಾಡುತ್ತದೆ. ಆದರೆ ಎಲ್ಲ ಮೊಟ್ಟೆಗಳೂ ಒಟ್ಟಿಗೇ ಒಡೆಯುವುದಿಲ್ಲ. ಮೊದಲು ಬಂದ ಮರಿಗಳು ಮೈ ಒಣಗಿ ಓಡಾಡಲು ಶುರು ಮಾಡಿದರೆ ತಾಯಿ ಅವುಗಳನ್ನು ಕಟ್ಟಿಕೊಂಡು ಹೊರಟುಬಿಡುತ್ತದೆ. ಕೊನೆಗೆ ಚಿಪ್ಪಿನಿಂದ ಬಂದ ಮರಿ ಒದ್ದೆ ಮೈಯಲ್ಲೇ ಹಿಂದೆ ಉಳಿಯುತ್ತದೆ. ನಾಟಿ ಕೋಳಿ ಸಾಕುವ ಮನೆಗಳಲ್ಲಿ ಮರಿ ಸೊರಗುವುದು ಹೆಚ್ಚಾಗಿ ಹೀಗೇ. ‘ಅದು ಉಳಿಯಲ್ಲ ಬಿಡಿ’ ಎಂದು ಕೈಬಿಡುವವರೇ ಜಾಸ್ತಿ. ದಯವಿಟ್ಟು ಹಾಗೆ ಬಿಡಬೇಡಿ. ರೋಗವಿಲ್ಲದೆ ಬರೀ ಚಳಿಗೆ, ಹಸಿವಿಗೆ ಸೊರಗಿದ ಮರಿಯನ್ನು ಬದುಕಿಸಿಕೊಳ್ಳಬಹುದು. ಮೊದಲು ಕಾವು, ಆಮೇಲೆ ನೀರು, ಕೊನೆಗೆ ಕಾಳು. ಈ ಕ್ರಮ ತಪ್ಪಿದರೆ ಏನು ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ.

ಸಣ್ಣ ಮರಿಯೋ, ಸೊರಗಿದ ಮರಿಯೋ?

ಮರಿಯ ತೂಕ ಮೊಟ್ಟೆಯ ತೂಕದ ಸುಮಾರು ಮೂರನೇ ಎರಡು ಪಾಲು. ಹೊಸದಾಗಿ ಮೊಟ್ಟೆಗೆ ಬಂದ ಹೇಂಟೆ 36 ಗ್ರಾಮಿನ ಮೊಟ್ಟೆ ಇಟ್ಟರೆ ಮರಿ 24 ಗ್ರಾಂ ಇರುವುದು ಸಹಜ. ಅದು ಚುರುಕಾಗಿ ಕೆದಕುತ್ತಾ ಓಡಾಡುತ್ತಿದ್ದರೆ ಸುಮ್ನೆ ಅದರ ಪಾಡಿಗೆ ಬಿಡಿ. ಸೊರಗಿದ ಮರಿ ಬೇರೆ ಥರ. ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಗುಂಪಿನಿಂದ ದೂರ ಮುದುಡಿಕೊಂಡಿರುತ್ತದೆ. ಕೂಗನ್ನೂ ಕೇಳಿಸಿಕೊಳ್ಳಿ. ಜೋರಾಗಿ, ಬಿಡದೆ ಕೂಗುತ್ತಿದ್ದರೆ ಇನ್ನೂ ತ್ರಾಣ ಇದೆ. ಕೂಗೂ ನಿಂತು ತೂಕಡಿಸುತ್ತಿದ್ದರೆ ಒಂದು ನಿಮಿಷವೂ ತಡ ಮಾಡಬೇಡಿ.

ಎತ್ತಿಕೊಂಡಾಗ ಹೊಕ್ಕುಳನ್ನೂ ನೋಡಿ. ಅದು ಊದಿಕೊಂಡು, ಒದ್ದೆಯಾಗಿ, ಕೆಟ್ಟ ವಾಸನೆ ಬರುತ್ತಿದ್ದರೆ ಸೋಂಕು ತಗುಲಿದೆ ಎಂದರ್ಥ. ಅಂಥ ಮರಿ ಉಳಿಯುವುದು ಕಷ್ಟ. ಅದನ್ನು ಉಳಿದವುಗಳಿಂದ ದೂರ ಇಡಲೇಬೇಕು.

ಕಾವು

ಮೊದಲ ಎರಡು ಮೂರು ವಾರ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಆಗುವುದಿಲ್ಲ. ಮೈ ತಣ್ಣಗಿದ್ದರೆ ಹೊಟ್ಟೆಗೆ ಹೋದದ್ದು ಅರಗುವುದೂ ಇಲ್ಲ. ಹಾಗಾಗಿಯೇ ಕಾವು ಮೊದಲು.

ಒದ್ದೆ ಇದ್ದರೆ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿ. ಒಂದು ರಟ್ಟಿನ ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ ಬಿಸಿ ಬೀಳುವಂತೆ 60 ವ್ಯಾಟಿನ ಹಳೇ ಕಾಲದ ಬಲ್ಬು ಇಳಿಬಿಡಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಸಾಕಾಗುವ ಕಾವು ಕೊಡುವುದಿಲ್ಲ. ಈಗ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ, ನೋಡಿ ಕೊಳ್ಳಿ. ಬಲ್ಬು ರಟ್ಟಿಗಾಗಲಿ ಬಟ್ಟೆಗಾಗಲಿ ತಾಗದಂತೆ ಗಟ್ಟಿಯಾಗಿ ಕಟ್ಟಿ. ಮೊದಲ ವಾರ ಮರಿಯ ಬೆನ್ನಿನ ಎತ್ತರದಲ್ಲಿ 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಯನ್ನೇ ನೋಡಿ. ಬಲ್ಬಿನ ಕೆಳಗೇ ಮುದುಡಿ ಕೂಗುತ್ತಿದ್ದರೆ ಕಾವು ಸಾಲದು. ದೂರ ಹೋಗಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಜಾಸ್ತಿಯಾಗಿದೆ.

ಕರೆಂಟು ಹೋದರೆ? ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಪಕ್ಕದಲ್ಲಿಡಿ. ಆರಿದ ಹಾಗೆ ಬದಲಿಸುತ್ತಿರಿ. ಮಡಕೆಯಲ್ಲಿ ಕೆಂಡ ಇಡುವ ರೂಢಿ ಹಲವು ಕಡೆ ಇದೆ. ಬಾಗಿಲು ಹಾಕಿದ ಕೋಣೆಯಲ್ಲಿ ಅದು ಮರಿಗೂ ಅಪಾಯ, ಮನೆಯವರಿಗೂ ಅಪಾಯ.

ಕೆಳಗೆ ಬತ್ತದ ಹೊಟ್ಟು ಹಾಕಿ, ಮೊದಲೆರಡು ದಿನ ಅದರ ಮೇಲೆ ಹಳೇ ಹತ್ತಿ ಬಟ್ಟೆ ಹಾಸಿ. ಇಲ್ಲದಿದ್ದರೆ ಹಸಿದ ಮರಿ ಹೊಟ್ಟನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಬರೀ ನ್ಯೂಸ್‌ಪೇಪರ್ ಬೇಡ, ಕಾಲು ಜಾರುತ್ತದೆ. ಇನ್ನು ಇರುವೆ. ಬೆಕ್ಕು, ಹದ್ದಿನ ಬಗ್ಗೆ ಎಲ್ಲರಿಗೂ ಎಚ್ಚರ ಇರುತ್ತದೆ, ಇರುವೆಯನ್ನು ಮರೆಯುತ್ತಾರೆ. ಅಲುಗಾಡದ ಮರಿಯನ್ನು ರಾತ್ರಿಯಲ್ಲಿ ಅವು ಮುತ್ತಿಕೊಳ್ಳುತ್ತವೆ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ.

ನೀರು

ಮರಿಯ ಪಾದವನ್ನು ನಿಮ್ಮ ಮುಂಗೈ ಒಳಬದಿಗೆ ತಾಗಿಸಿ ನೋಡಿ. ಬೆಚ್ಚಗಾಗಿದ್ದರೆ ನೀರು ಕೊಡಬಹುದು. ಕಾಯಿಸಿ ಉಗುರುಬೆಚ್ಚಗೆ ಆರಿಸಿದ ಒಂದು ಲೋಟ ನೀರಿಗೆ ಎರಡು ಸಣ್ಣ ಚಮಚ ಸಕ್ಕರೆ ಇಲ್ಲವೇ ಗ್ಲೂಕೋಸ್ ಸಾಕು. ಕೊಕ್ಕು ಬಿಡಿಸಿ ಸುರಿಯಬೇಡಿ. ಉಸಿರುನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುತ್ತದೆ, ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಡ್ರಾಪರ್‌ನಿಂದ ಕೊಕ್ಕಿನ ಪಕ್ಕದ ಅಂಚಿಗೆ ಒಂದು ಹನಿ ತಾಗಿಸಿ. ಮರಿ ನಾಲಿಗೆ ಆಡಿಸಿ, ತಲೆ ಎತ್ತಿ ನುಂಗುತ್ತದೆ. ನುಂಗಿದ ಮೇಲೆ ಇನ್ನೊಂದು ಹನಿ. ಸಕ್ಕರೆ ನೀರು ಮೊದಲ ದಿನಕ್ಕೆ ಮಾತ್ರ. ಮುಂದುವರಿಸಿದರೆ ಭೇದಿಯಾಗುತ್ತದೆ. ನೀರಿನ ತಟ್ಟೆ ಆಳ ಇಲ್ಲದಿರಲಿ, ಒಳಗೆ ಬೆಣಚುಕಲ್ಲು ಹಾಕಿ. ಬಾಟಲಿ ಮುಚ್ಚಳದಷ್ಟು ನೀರಲ್ಲೂ ನಿಶ್ಶಕ್ತ ಮರಿ ಮುಗ್ಗರಿಸಿ ಉಸಿರುಗಟ್ಟಬಹುದು.

ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ, ಸ್ವರ್ಣಧಾರದಂಥ ತಳಿಯ ಮರಿಗಳನ್ನು ಡಬ್ಬಿಯಲ್ಲಿ ದೂರದಿಂದ ತಂದಿದ್ದರೆ, ಅವು ಸೊರಗಲು ಬಾಯಾರಿಕೆಯೇ ದೊಡ್ಡ ಕಾರಣ. ಕಾಲಿನ ಚರ್ಮ ಒಣಗಿ ಸುಕ್ಕಾಗಿರುತ್ತದೆ. ಅವುಗಳನ್ನು ಬಲ್ಬಿನ ಕೆಳಗೆ ಬಿಟ್ಟ ಕೂಡಲೇ ಒಂದೊಂದರ ಕೊಕ್ಕನ್ನೂ ನೀರಿಗೆ ತಾಗಿಸಿ ಬಿಡಿ.

ಕಾಳು

ಹುಟ್ಟಿದ ಮರಿಯ ಹೊಟ್ಟೆಯೊಳಗೆ ಉಳಿದ ಭಂಡಾರ, ಅಂದರೆ ಮೊಟ್ಟೆಯ ಹಳದಿ, ಎರಡು ಮೂರು ದಿನದವರೆಗೂ ಅದನ್ನು ಸಾಕುತ್ತದೆ. ಹಾಗಾಗಿ ಹುಟ್ಟಿದ ದಿನವೇ ತಿನ್ನಲಿಲ್ಲ ಎಂದು ಗಾಬರಿಯಾಗಿ ತುರುಕಬೇಡಿ. ನೀರು ಕುಡಿದು ಕಣ್ಣು ಬಿಟ್ಟ ಮೇಲೆ, ಮರಿಗಳ ಸ್ಟಾರ್ಟರ್ ಫೀಡನ್ನು ಬಿಸಿನೀರಿನಲ್ಲಿ ಉದುರಾಗಿ ಕಲಸಿ ಇಡಿ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ದಿನಕ್ಕೆ ಎರಡು ಸಲ, ಪ್ರತಿ ಸಲ ಬಟಾಣಿ ಗಾತ್ರದಷ್ಟು ಕೊಡಬಹುದು. ಜಾಸ್ತಿಯಾದರೆ ಹಿಕ್ಕೆ ಅಂಟಾಗುತ್ತದೆ. ರಾಗಿ, ಅಕ್ಕಿ ನುಚ್ಚು ಒಳ್ಳೆಯದೇ, ಆದರೆ ಅಷ್ಟೇ ಸಾಲದು. ಈ ವಯಸ್ಸಿನ ಮರಿಗೆ ಬೇಕಾದ ಸುಮಾರು 20 ಪರ್ಸೆಂಟ್ ಪ್ರೋಟೀನ್ ನುಚ್ಚಿನಲ್ಲಿ ಇಲ್ಲ.

ತಿನ್ನಲು ಕಲಿಸುವುದು ಸುಲಭ. ತಾಯಿ ಕುಕ್ಕಿ ತೋರಿಸುವ ಹಾಗೆ ಬೆರಳ ತುದಿಯಿಂದ ಕಾಳಿನ ಮೇಲೆ ಟಕ್ ಟಕ್ ತಟ್ಟಿ. ಚುರುಕಾದ ಇನ್ನೊಂದು ಮರಿಯನ್ನು ಜೊತೆಗೆ ಬಿಟ್ಟರೆ ಇನ್ನೂ ಒಳ್ಳೆಯದು, ಅದನ್ನು ನೋಡಿ ಇದೂ ಕುಕ್ಕುತ್ತದೆ. ಆ ಜೊತೆಮರಿ ಇದನ್ನೇ ಕುಕ್ಕಲು ಬಂದರೆ ಬದಲಿಸಿ. ಸಂಜೆ ಹೊತ್ತಿಗೆ ಕೊರಳಿನ ಬುಡದಲ್ಲಿ, ಮರಿಯ ಬಲಗಡೆ, ಕಾಳು ತುಂಬುವ ಚೀಲ ಮೆತ್ತಗೆ ಉಬ್ಬಿರಬೇಕು. ಮುಟ್ಟಿ ನೋಡಿ.

ಹಿಂಬದಿ ಅಂಟಿಕೊಂಡರೆ

ಚಳಿಯಾದ, ದೂರ ಸಾಗಿಸಿದ ಮರಿಗಳಲ್ಲಿ ಇದು ಮಾಮೂಲು. ಹಿಕ್ಕೆ ದ್ವಾರದ ಸುತ್ತ ಅಂಟಿ, ಒಣಗಿ, ಬಿರಡೆಯಂತೆ ಮುಚ್ಚಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಮರಿ ಸಾಯುತ್ತದೆ. ಒಣಗಿದ್ದನ್ನು ಕಿತ್ತರೆ ಚರ್ಮವೇ ಕಿತ್ತು ಬರುತ್ತದೆ. ಹತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಅಂಟಿದ ಜಾಗಕ್ಕೆ ಹಿಡಿದು, ತಾನಾಗಿ ಕರಗುವವರೆಗೂ ಕಾಯಿರಿ. ಐದು ನಿಮಿಷ ಹಿಡಿದರೂ ಪರವಾಗಿಲ್ಲ. ಒರೆಸಿ, ಒಣಗಿಸಿ, ತೆಂಗಿನೆಣ್ಣೆ ತೆಳ್ಳಗೆ ಸವರಿ, ಬಲ್ಬಿನ ಕೆಳಗೆ ಬಿಡಿ. ಹೊಕ್ಕುಳು ಹೊಟ್ಟೆಯ ಕಡೆಗಿರುತ್ತದೆ, ದ್ವಾರ ಬಾಲದ ಕೆಳಗೆ. ಹೊಕ್ಕುಳಿನ ಮೇಲೆ ಒಣಗಿದ ಹೊಪ್ಪಳೆಯನ್ನು ಮುಟ್ಟಲೇಬೇಡಿ. ದಿನಕ್ಕೆರಡು ಸಲ ನೋಡುತ್ತಿರಿ, ಮತ್ತೆ ಅಂಟುವುದುಂಟು.

ಕಾಲು ಎರಡೂ ಕಡೆಗೆ ಚಾಚಿಕೊಂಡು ನಿಲ್ಲಲಾಗದಿದ್ದರೆ, ಬ್ಯಾಂಡೇಡ್ ಪಟ್ಟಿಯಿಂದ ಎರಡೂ ಕಾಲನ್ನು ಸಹಜ ಅಂತರದಲ್ಲಿ, ಬಿಗಿಯಾಗದಂತೆ ಜೋಡಿಸಿ. ಮೊದಲ ದಿನಗಳಲ್ಲೇ ಕಟ್ಟಿದರೆ ಕೆಲವೇ ದಿನಕ್ಕೆ ಸರಿಹೋಗುತ್ತದೆ. ಬೆರಳು ಒಳಕ್ಕೆ ಮುದುಡಿ, ಮೊಣಕಾಲಿನ ಮೇಲೆ ತೆವಳುತ್ತಿದ್ದರೆ ಬಿ2 ಜೀವಸತ್ವದ ಕೊರತೆ ಇರಬಹುದು. ಪಶು ಔಷಧಿ ಅಂಗಡಿಯಲ್ಲಿ ಬಿ ಕಾಂಪ್ಲೆಕ್ಸ್ ದ್ರವ ಸಿಗುತ್ತದೆ.

ಡಾಕ್ಟರನ್ನು ಕೇಳಬೇಕಾದಾಗ

ಸುಣ್ಣದಂಥ ಬಿಳಿ ಭೇದಿ, ಹಿಕ್ಕೆಯಲ್ಲಿ ರಕ್ತ, ಕತ್ತು ತಿರುಚುವುದು, ಗೊರಗೊರ ಉಸಿರು. ಇದರಲ್ಲಿ ಒಂದು ಕಂಡರೂ ಅದು ಬರೀ ನಿಶ್ಶಕ್ತಿ ಅಲ್ಲ. ಬಿಳಿ ಭೇದಿ ಸೋಂಕಿನದಾದರೆ ಬದುಕಿ ಉಳಿದ ಮರಿ ದೊಡ್ಡದಾದ ಮೇಲೂ ಮೊಟ್ಟೆಯ ಮೂಲಕ ರೋಗ ಹರಡಬಹುದು. ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆ ಪುಡಿ ಮಾಡಿ ಕೊಡಬೇಡಿ. ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳಿಗೂ ತೊಳೆಸಿ.

ಮತ್ತೆ ತಾಯಿಯ ಹತ್ತಿರ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ದಿನಾ ಬೆಳಗ್ಗೆ ಕಾಳು ಹಾಕುವ ಮೊದಲು ತೂಕ ನೋಡಿ. ತಿನ್ನಲು ಶುರು ಮಾಡಿದ ಮೇಲೆ ಒಂದೊಂದು ಗ್ರಾಮಾದರೂ ಏರುತ್ತಿರಬೇಕು. ಓಡಾಡುತ್ತಾ, ತಾನೇ ತಿನ್ನುತ್ತಾ, ಬಿಸಿಗಾಗಿ ಕೂಗುವುದು ಕಡಿಮೆಯಾದರೆ ವಾಪಸ್ ಬಿಡಬಹುದು. ಹಗಲಿನಲ್ಲಿ ಬೇಡ. ಕತ್ತಲಾದ ಮೇಲೆ ಮಂಕರಿ ಎತ್ತಿ, ತಾಯಿಯ ರೆಕ್ಕೆಯಡಿಗೆ ಮೆಲ್ಲಗೆ ಸೇರಿಸಿ. ಬೆಳಗ್ಗೆ ತಾಯಿ ಎದ್ದು ನೋಡುವಾಗ ನೀವು ಪಕ್ಕದಲ್ಲೇ ಇರಿ. ತಲೆಗೆ ಕುಕ್ಕಿದರೆ ಆ ಕ್ಷಣವೇ ಎತ್ತಿಕೊಳ್ಳಿ. ತುಂಬ ದಿನ ದೂರ ಇದ್ದ ಮರಿಯನ್ನು ಹೇಂಟೆ ಸಾಮಾನ್ಯವಾಗಿ ಸೇರಿಸುವುದಿಲ್ಲ, ಆಗ ಜೊತೆಮರಿಯೊಂದಿಗೇ ಬೆಳೆಸಬೇಕು.

ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತಕ್ಕೆ, 5ರಿಂದ 7ನೇ ದಿನದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ ಹಾಕಿಸುತ್ತೀರಿ, ಅಲ್ವಾ? ಈ ಮರಿ ಇನ್ನೂ ಸುಧಾರಿಸಿಕೊಳ್ಳುತ್ತಿದ್ದರೆ ಅವತ್ತು ಹಾಕಿಸಬೇಡಿ. ಚೇತರಿಸಿಕೊಂಡ ಮೇಲೆ ಡಾಕ್ಟರನ್ನು ಕೇಳಿ ಬೇರೆಯಾಗಿ ಹಾಕಿಸಿ, ಅಲ್ಲಿವರೆಗೆ ಹೊರಗಿನ ಕೋಳಿಗಳ ಜೊತೆ ಸೇರದಂತೆ ನೋಡಿಕೊಳ್ಳಿ.